ಗೊಂಬೆ ಪಾಪುವನ್ನು ಕಸದ ಬುಟ್ಟಿಗೆ ಹಾಕಿದರೆ ಹೆದರಬೇಕೇ?

ಪ್ರಶ್ನೆ: ನಮ್ಮ ಮಗನಿಗೆ ಐದೂವರೆ ವರ್ಷ. ನಾಲ್ಕು ತಿಂಗಳ ಹಿಂದೆ ಅವನಿಗೆ ತಂಗಿ ಹುಟ್ಟಿದಳು. ಆಗಿನಿಂದ ಅವನ ಸಿಟ್ಟು ತುಂಬಾ ಜಾಸ್ತಿಯಾಗಿದೆ. ಆಟದಲ್ಲಿ ಸೋತರೆ, ಕಟ್ಟಿದ ಬ್ಲಾಕ್ಸ್ ಬಿದ್ದರೆ ಕಿರುಚುತ್ತಾನೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಾನೆ. ಮೊಬೈಲ್ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾನೆ. ಮೊನ್ನೆ ಪಾಪು ಗೊಂಬೆಯನ್ನು ಕಸದ ಬುಟ್ಟಿಗೆ ಹಾಕಿ 'ಇದು ನಮಗೆ ಬೇಡ' ಅಂದ. ನನ್ನ ಹೆಂಡತಿ ಹೆದರಿ ಆ ಗೊಂಬೆಯನ್ನೇ ಎತ್ತಿಟ್ಟಿದ್ದಾಳೆ. ಮಕ್ಕಳ ಸಿಟ್ಟು, ದುಃಖ ಕಡಿಮೆ ಮಾಡುವ ಆಟಿಕೆಗಳು ಅಂತ ಆನ್‌ಲೈನ್‌ನಲ್ಲಿ ಪಂಚಿಂಗ್ ಬ್ಯಾಗ್, ಫಿಜೆಟ್ (ಬೆರಳಲ್ಲಿ ತಿರುಗಿಸುತ್ತಾ, ಒತ್ತುತ್ತಾ ಇರುವ ಸಣ್ಣ ಆಟಿಕೆ), ಮುಖಭಾವದ ಕಾರ್ಡು, ಏನೇನೋ ಸಿಗುತ್ತವೆ. ಇವುಗಳಲ್ಲಿ ಯಾವುದನ್ನು ಕೊಂಡರೆ ಉಪಯೋಗ?

ಉತ್ತರ: ಮೊದಲು ಆ ಗೊಂಬೆಯನ್ನು ಅವನಿಗೆ ವಾಪಸ್ ಕೊಡಿ. ಕೊಳ್ಳುವ ಮಾತು ಆಮೇಲೆ.

ಐದು ವರ್ಷದ ಮಗುವಿಗೆ 'ನನಗೆ ಹೊಟ್ಟೆಕಿಚ್ಚಾಗಿದೆ, ಅಮ್ಮನಿಗೆ ಈಗ ನಾನು ಬೇಡವಾಗಿದ್ದೇನೆ ಅನ್ನಿಸುತ್ತಿದೆ' ಎಂದು ಹೇಳಲು ಬರುವುದಿಲ್ಲ. ದೊಡ್ಡವರಲ್ಲೇ ಎಷ್ಟು ಜನರಿಗೆ ಬರುತ್ತದೆ? ಆದರೆ ಗೊಂಬೆಯನ್ನು ಕಸದ ಬುಟ್ಟಿಗೆ ಹಾಕಲು ಬರುತ್ತದೆ. ನಿಮ್ಮ ಮಗ ತನ್ನ ಮನಸ್ಸಿನಲ್ಲಿರುವುದನ್ನು ಬಹಳ ಸ್ಪಷ್ಟವಾಗಿ ಹೇಳಿದ್ದಾನೆ. ಅದೂ ತಂಗಿಯ ಮೈಮುಟ್ಟದೆ, ಗೊಂಬೆಯ ಮೂಲಕ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಗೊಂಬೆಯನ್ನು ಎತ್ತಿಟ್ಟಾಗ ಅವನಿಗೆ ಅರ್ಥವಾಗುವುದು ಒಂದೇ: ಈ ವಿಷಯವನ್ನು ಈ ಮನೆಯಲ್ಲಿ ಎತ್ತಬಾರದು. ಹೇಳಲು ಜಾಗ ಇಲ್ಲದ ಮೇಲೆ ಅದು ಬ್ಲಾಕ್ಸ್ ಬಿದ್ದಾಗ ಹೊರಗೆ ಬರುತ್ತದೆ, ಸೋತಾಗ ಹೊರಗೆ ಬರುತ್ತದೆ. ನೀವು ಎರಡು ಸಮಸ್ಯೆ ಬರೆದಿದ್ದೀರಿ. ನನಗೆ ಕಾಣುವುದು ಬಹುಶಃ ಒಂದೇ.

ಮಕ್ಕಳ ಮಾನಸಿಕ ಚಿಕಿತ್ಸೆಗೆ ಆಟಿಕೆ ಬಂದದ್ದೂ ಇದೇ ಕಾರಣಕ್ಕೆ. ದೊಡ್ಡವರನ್ನು ಕೂರಿಸಿ ಮಾತಾಡಿಸಿದ ಹಾಗೆ ಮಕ್ಕಳನ್ನು ಮಾತಾಡಿಸಲು ಆಗುವುದಿಲ್ಲ ಎಂದು 1920ರ ದಶಕದಲ್ಲಿ ಮೆಲನಿ ಕ್ಲೈನ್, ಅನ್ನಾ ಫ್ರಾಯ್ಡ್ ಮೊದಲಾದ ಮನೋವಿಶ್ಲೇಷಕರು ಮಕ್ಕಳ ಆಟವನ್ನೇ ಗಮನಿಸತೊಡಗಿದರು. ಇಬ್ಬರಿಗೂ ಜಗಳವಿತ್ತು. ಕ್ಲೈನ್‌ಗೆ ಆಟದ ಪ್ರತಿ ಚಲನೆಯಲ್ಲೂ ಒಳ ಅರ್ಥ ಕಾಣುತ್ತಿತ್ತು. ಮಗು ಎರಡು ಕಾರುಗಳನ್ನು ಡಿಕ್ಕಿ ಹೊಡೆಸಿದರೆ ಅದು ನಿನ್ನೆ ಬೀದಿಯಲ್ಲಿ ನೋಡಿದ್ದೂ ಇರಬಹುದಲ್ಲ ಎನ್ನುವ ಕಡೆ ಅನ್ನಾ ಫ್ರಾಯ್ಡ್ ಇದ್ದರು. ಈ ವಿಷಯದಲ್ಲಿ ನನ್ನ ಓಟು ಅನ್ನಾ ಫ್ರಾಯ್ಡ್‌ಗೆ. ಮಗು ಆಡುವುದನ್ನೆಲ್ಲ ಒಗಟಿನಂತೆ ಬಿಡಿಸುತ್ತಾ ಕೂರಬೇಡಿ. 1928ರಲ್ಲಿ ಲಂಡನ್‌ನಲ್ಲಿ ಮಕ್ಕಳಿಗಾಗಿ ಕ್ಲಿನಿಕ್ ತೆರೆದ ಮಾರ್ಗರೆಟ್ ಲೋವೆನ್‌ಫೆಲ್ಡ್ ಮಾಡಿದ್ದು ಇನ್ನೂ ಸರಳ. ಮರಳಿನ ಒಂದು ಟ್ರೇ ಮತ್ತು ಚಿಕ್ಕ ಚಿಕ್ಕ ಮನುಷ್ಯರು, ಪ್ರಾಣಿಗಳು, ಮನೆ, ಬೇಲಿ ಇಟ್ಟರು. ಮಕ್ಕಳು ತಮ್ಮ ಲೋಕವನ್ನು ತಾವೇ ಅದರಲ್ಲಿ ಜೋಡಿಸಿದರು. ಆಮೇಲೆ 1940ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ವರ್ಜೀನಿಯಾ ಆಕ್ಸ್‌ಲೈನ್ ಇದಕ್ಕೆ ಒಂದು ಕ್ರಮ ಕೊಟ್ಟರು. ದಾರಿ ಮಗು ತೋರಿಸಬೇಕು, ದೊಡ್ಡವರು ಹಿಂದೆ ಹೋಗಬೇಕು, ಅವಸರ ಮಾಡಬಾರದು, ತೀರಾ ಅಗತ್ಯವಿದ್ದಷ್ಟೇ ಮಿತಿ ಹಾಕಬೇಕು. ಇಂದಿಗೂ ಮಕ್ಕಳ ಎಷ್ಟೋ ಥೆರಪಿ ಕೋಣೆಗಳಲ್ಲಿ ಇದೇ ನಡೆಯುತ್ತದೆ. ಮನೆಯಲ್ಲಿ ನೀವು ಥೆರಪಿಸ್ಟ್ ಆಗಬೇಕಿಲ್ಲ. ಹಿಂದೆ ಹೋಗುವುದನ್ನಷ್ಟೇ ಕಲಿತರೆ ಸಾಕು.

ಹೇಗೆ ಅಂದರೆ, ದಿನಕ್ಕೆ ಒಂದು 15 ನಿಮಿಷ. ಪಾಪುವನ್ನು ಇನ್ನೊಬ್ಬರು ನೋಡಿಕೊಳ್ಳಲಿ, ಫೋನ್ ಬೇರೆ ಕೋಣೆಯಲ್ಲಿರಲಿ. ನೆಲದ ಮೇಲೆ ಅವನ ಪಕ್ಕ ಕುಳಿತುಕೊಳ್ಳಿ. ಏನು ಆಡಬೇಕು ಎನ್ನುವುದು ಅವನಿಗೆ ಬಿಟ್ಟದ್ದು. ಅಪ್ಪ ಅಮ್ಮ ಸರದಿಯಲ್ಲಿ ಮಾಡಿ, ಆದರೆ ಅವನು ಕಳೆದುಕೊಂಡದ್ದು ಅಮ್ಮನ ಸಮಯವನ್ನು. ಹಾಗಾಗಿ ಅಮ್ಮನ ಸರದಿ ತಪ್ಪದಿರಲಿ. ಪ್ರತಿದಿನ ಆಗದಿದ್ದರೆ ವಾರಕ್ಕೆ ಮೂರು ನಾಲ್ಕು ದಿನ ಮಾಡಿ, ಆದರೆ ಹೇಳಿದ ದಿನ ತಪ್ಪಿಸಬೇಡಿ. ಮತ್ತೆ ಒಂದು ವಿಷಯ: ಅವತ್ತು ಅವನು ಗಲಾಟೆ ಮಾಡಿದ್ದಕ್ಕೆ ಶಿಕ್ಷೆ ಅಂತ ಇದನ್ನು ಕಿತ್ತುಕೊಳ್ಳಬೇಡಿ. ಗಲಾಟೆ ಮಾಡಿದ ದಿನವೇ ಅವನಿಗೆ ಇದು ಜಾಸ್ತಿ ಬೇಕಾಗಿರುತ್ತದೆ.

ಗೊಂಬೆ ಮತ್ತೆ ಬುಟ್ಟಿಗೆ ಹೋದರೆ ಏನು ಹೇಳುವುದು? ಕಂಡದ್ದನ್ನು ಹೇಳಿ. 'ಓ, ಈ ಪಾಪು ಬುಟ್ಟಿಗೆ ಹೋಯ್ತು. ಯಾರಿಗೋ ಇದು ಬೇಡವಾಗಿದೆ.' ಅಷ್ಟೇ. 'ಪಾಪ, ಅದಕ್ಕೆ ನೋವಾಗಲ್ವಾ?' ಅನ್ನಬೇಡಿ. 'ಯಾಕೆ ಹಾಕಿದೆ?' ಅಂತಲೂ ಕೇಳಬೇಡಿ. ಯಾಕೆ ಎನ್ನುವ ಪ್ರಶ್ನೆಗೆ ಈ ವಯಸ್ಸಿನ ಮಕ್ಕಳ ಹತ್ತಿರ ಉತ್ತರ ಇರುವುದಿಲ್ಲ. ತಪ್ಪು ಮಾಡಿ ಸಿಕ್ಕಿಬಿದ್ದೆ ಎನ್ನುವುದು ಮಾತ್ರ ಅವರಿಗೆ ಗೊತ್ತಾಗುತ್ತದೆ. ಅವನು 'ಅಮ್ಮನಿಗೆ ಬೇಡ' ಅಂದರೆ, 'ಅಮ್ಮನಿಗೆ ಬೇಡ. ಆಮೇಲೆ ಏನಾಯ್ತು?' ಅಂತ ಕಥೆಯ ಒಳಗೇ ಇರಿ. 'ಹಾಗಂದರೆ ನಿನಗೆ ತಂಗಿ ಮೇಲೆ ಕೋಪಾನಾ?' ಎಂದು ಕಥೆಯಿಂದ ಹೊರಗೆ ಎಳೆದರೆ ಆಟ ಅಲ್ಲಿಗೇ ನಿಂತುಹೋಗುತ್ತದೆ. ಗೊಂಬೆ ಎನ್ನುವ ಮರೆ ಇರುವುದರಿಂದಲೇ ಅವನು ಅಷ್ಟು ಹೇಳಿದ್ದು.

ಇದೇ ಆಟವನ್ನು ಅವನು ವಾರಗಟ್ಟಲೆ ಆಡಬಹುದು. ಆಡಲಿ. ನೀವು ನೋಡಬೇಕಾದದ್ದು ಕಥೆ ಬದಲಾಗುತ್ತಿದೆಯೇ ಎನ್ನುವುದನ್ನು. ಒಂದು ದಿನ ಬುಟ್ಟಿಯಿಂದ ಯಾರೋ ಪಾಪುವನ್ನು ಎತ್ತುತ್ತಾರೆ, ಇನ್ನೊಂದು ದಿನ ಡಾಕ್ಟರ್ ಬರುತ್ತಾರೆ, ಮತ್ತೊಂದು ದಿನ ಅವನೇ ಬುಟ್ಟಿಯೊಳಗೆ ಕೂರಲು ನೋಡುತ್ತಾನೆ. ಕಥೆ ಹರಿಯುತ್ತಿದ್ದರೆ ಆಟ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಅವನು ತಾನೇ ಪಾಪುವಾಗಿ ತೊಡೆಯ ಮೇಲೆ ಮಲಗಲು, ಬಾಟಲಿಯಲ್ಲಿ ಕುಡಿಯಲು ಕೇಳಿದರೆ ಅದಕ್ಕೂ ಒಪ್ಪಿ. 'ಇಷ್ಟು ದೊಡ್ಡವನಾಗಿ ನಾಚಿಕೆ ಆಗಲ್ವಾ' ಎನ್ನುವ ಮಾತು ಬೇಡ. ಹೊಸ ಮಗು ಬಂದ ಮನೆಯಲ್ಲಿ ದೊಡ್ಡ ಮಗು ಕೆಲವು ದಿನ ಚಿಕ್ಕದಾಗುವುದು ಸಾಮಾನ್ಯ. ಆಟದಲ್ಲಿ ಪಾಪುವಾಗಲು ಬಿಟ್ಟರೆ ಅದು ಬೇಗ ಮುಗಿಯುತ್ತದೆ.

ಗೊಂಬೆಗೆ ಏನು ಬೇಕಾದರೂ ಆಗಬಹುದು, ತಂಗಿಗೆ ಅಲ್ಲ. ಅವನ ಕೈ ತಂಗಿಯ ಕಡೆ ಹೋದರೆ ಭಾಷಣ ಬೇಡ, ಕೈ ಹಿಡಿಯಿರಿ. 'ತಂಗಿಗೆ ಹೊಡೆಯಲು ನಾನು ಬಿಡುವುದಿಲ್ಲ.' ಸಣ್ಣ ವಾಕ್ಯ, ತಗ್ಗಿದ ದನಿ. ಇನ್ನೂ ಕೆಲವು ವರ್ಷ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ಇದು ಅವನ ಮೇಲಿನ ಅನುಮಾನದಿಂದ ಹೇಳುತ್ತಿರುವುದಲ್ಲ. ಪ್ರೀತಿಯಿಂದ ಎತ್ತಿಕೊಳ್ಳಲು ಹೋಗಿಯೂ ಆ ವಯಸ್ಸಿನ ಮಕ್ಕಳು ಕೂಸನ್ನು ಬೀಳಿಸುತ್ತಾರೆ.

ಈಗ ಪಂಚಿಂಗ್ ಬ್ಯಾಗ್. ಕೊಳ್ಳಬೇಡಿ. ಸಿಟ್ಟನ್ನು ಹೊರಗೆ ಹಾಕಿದರೆ ಖಾಲಿಯಾಗುತ್ತದೆ ಎನ್ನುವ ನಂಬಿಕೆ ಬಹಳ ಹಳೆಯದು. ಕೇಳಲು ಸರಿಯಾಗಿಯೂ ಇದೆ. ಪರೀಕ್ಷೆ ಮಾಡಿದಾಗ ಮಾತ್ರ ಅದು ನಿಂತಿಲ್ಲ. ಬ್ರ್ಯಾಡ್ ಬುಷ್‌ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ರೇಗಿಸಿದವರನ್ನು ನೆನೆಯುತ್ತಾ ಬ್ಯಾಗಿಗೆ ಗುದ್ದಿದವರ ಸಿಟ್ಟು ಉಳಿದವರದ್ದಕ್ಕಿಂತ ಜಾಸ್ತಿಯೇ ಇತ್ತು. ಏನೂ ಮಾಡದೆ ಸುಮ್ನೆ ಕುಳಿತವರೇ ಅವರಿಗಿಂತ ವಾಸಿ. ಬುಷ್‌ಮನ್ ಇನ್ನೊಬ್ಬರ ಜೊತೆ ಸೇರಿ 2024ರಲ್ಲಿ 154 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಬಂದದ್ದು ಅದೇ. ಮೈಯ ಬಿಸಿ ಇಳಿಸುವ ಕೆಲಸಗಳು, ಅಂದರೆ ನಿಧಾನದ ಉಸಿರಾಟ, ಸ್ನಾಯುಗಳನ್ನು ಸಡಿಲ ಬಿಡುವುದು, ಸಿಟ್ಟನ್ನು ಇಳಿಸಿದವು. ಮೈಯ ಬಿಸಿ ಏರಿಸುವ ಕೆಲಸಗಳು ಒಟ್ಟಾರೆ ಇಳಿಸಲಿಲ್ಲ. ಈ ಅಧ್ಯಯನಗಳಲ್ಲಿ ಹೆಚ್ಚಿನವು ದೊಡ್ಡವರ ಮೇಲೆ ಆದವು ನಿಜ. ಆದರೆ ಸಿಟ್ಟು ಬಂದಾಗ ಎದೆ ಹೊಡೆದುಕೊಳ್ಳುವುದು, ಮುಷ್ಟಿ ಬಿಗಿಯುವುದು ಮಕ್ಕಳಲ್ಲೂ ಹಾಗೆಯೇ ಅಲ್ವಾ?

ಹಾಗಾದರೆ ಗೊಂಬೆಯನ್ನು ಬುಟ್ಟಿಗೆ ಎಸೆದರೆ ಸರಿ, ಬ್ಯಾಗಿಗೆ ಗುದ್ದಿದರೆ ತಪ್ಪೇ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಗೊಂಬೆಯಾಟದಲ್ಲಿ ಒಂದು ಕಥೆ ಇದೆ. ಅದು ಮುಂದಕ್ಕೆ ಹೋಗುತ್ತದೆ, ಅದನ್ನು ಆಡುವಾಗ ಅವನು ಸಿಟ್ಟಿನ ತುದಿಯಲ್ಲಿ ಇರುವುದಿಲ್ಲ. ಬ್ಯಾಗಿನಲ್ಲಿ ಕಥೆ ಇಲ್ಲ. ಸಿಟ್ಟು ಬಂತು, ಹೊಡೆ. ಮತ್ತೆ ಬಂತು, ಮತ್ತೆ ಹೊಡೆ. ಅಭ್ಯಾಸವಾಗುವುದು ಹೊಡೆತ. ಅದಕ್ಕೇ 'ಕೋಪ ಬಂದರೆ ಹೋಗಿ ಗೊಂಬೆಗೆ ಹೊಡಿ' ಅಂತ ನೀವಾಗಿ ಹೇಳಿಕೊಡಲೂಬಾರದು. ದಿಂಬಿಗೆ ಹೊಡಿ ಎನ್ನುವುದೂ ಇದೇ ಸಾಲಿಗೆ ಸೇರುತ್ತದೆ.

ಸಿಟ್ಟು ಏರಿದ ಹೊತ್ತಿನಲ್ಲಿ ಮತ್ತೆ ಏನು ಮಾಡುವುದು? ಮಕ್ಕಳ ಇಂಥ ಕೂಗಾಟವನ್ನು ಅಧ್ಯಯನ ಮಾಡಿದ ಮೈಕೆಲ್ ಪೊಟೆಗಾಲ್ ಮತ್ತು ಸಂಗಡಿಗರು ಗಮನಿಸಿದ ಒಂದು ವಿಷಯ ತಂದೆತಾಯಿಗೆ ತುಂಬಾ ಉಪಯೋಗಕ್ಕೆ ಬರುತ್ತದೆ. ಇದರಲ್ಲಿ ಸಿಟ್ಟು, ದುಃಖ ಎರಡೂ ಇರುತ್ತವೆ. ಸಿಟ್ಟು ಶುರುವಿನಲ್ಲೇ ತುದಿಗೇರಿ ಇಳಿಯುತ್ತದೆ. ದುಃಖ ಕೊನೆಯವರೆಗೂ ಇರುತ್ತದೆ. ಎಸೆಯುವುದು, ಒದೆಯುವುದು, ಚೀರುವುದು ಸಿಟ್ಟಿನ ಭಾಗ. ಅಳು, ಕೊರಗು, ಹತ್ತಿರ ಬರುವುದು ದುಃಖದ ಭಾಗ. ಮೊದಲ ಭಾಗದಲ್ಲಿ ಬುದ್ಧಿ ಹೇಳಿದರೆ, ಪ್ರಶ್ನೆ ಕೇಳಿದರೆ, ಹೊಸ ಆಟಿಕೆ ಮುಂದೆ ಹಿಡಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಎಸೆಯಬಹುದಾದ ವಸ್ತು ದೂರ ಸರಿಸಿ, ಪಾಪುವನ್ನು ಬೇರೆ ಕಡೆ ಕಳಿಸಿ, ಪಕ್ಕದಲ್ಲಿ ಇರಿ, ಬಾಯಿ ಮುಚ್ಚಿಕೊಂಡಿರಿ. ಚೀರಾಟ ಅಳುವಿಗೆ ತಿರುಗಿದಾಗ ಅಪ್ಪಿಕೊಳ್ಳಿ. ಆಟಿಕೆಗೆ ಸಮಯ ಆಗ. ಅದಕ್ಕೂ ಮೊದಲಲ್ಲ.

ಮೆತ್ತನೆಯ ಗೊಂಬೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಅದನ್ನು ಕೊಡುವ ರೀತಿ ಮುಖ್ಯ. 2006ರ ಲೆಬನಾನ್ ಯುದ್ಧದ ಸಮಯದಲ್ಲಿ ಇಸ್ರೇಲಿನ ಅವಿ ಸಾದೆ ಎಂಬ ಮನೋವಿಜ್ಞಾನಿಯ ತಂಡ ಹೆದರಿದ್ದ ಪುಟ್ಟ ಮಕ್ಕಳಿಗೆ ಒಂದೊಂದು ನಾಯಿಮರಿ ಗೊಂಬೆ ಕೊಟ್ಟಿತು. 'ಇದು ನಿನ್ನನ್ನು ಕಾಪಾಡುತ್ತದೆ' ಎಂದು ಹೇಳಲಿಲ್ಲ. ಈ ಮರಿ ಈಗ ಬೇಸರದಲ್ಲಿದೆ, ಮನೆಯಿಂದ ದೂರ ಬಂದಿದೆ, ಇದಕ್ಕೆ ಒಬ್ಬ ಒಳ್ಳೆಯ ಗೆಳೆಯ ಬೇಕು, ನೀನು ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. ಹಾಗೆ ನೋಡಿಕೊಂಡ ಮಕ್ಕಳಲ್ಲಿ ಭಯ, ಒತ್ತಡ ಕಡಿಮೆಯಾಯಿತು. 2008ರಲ್ಲಿ ಇದು ಪ್ರಕಟವಾಯಿತು. ನಾನು ಇದನ್ನು ಇಷ್ಟು ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣ ಇದೆ. ನಿಮ್ಮ ಮನೆಯಲ್ಲಿ ಈಗ ಎಲ್ಲರೂ ಯಾರನ್ನೋ ನೋಡಿಕೊಳ್ಳುತ್ತಿದ್ದಾರೆ, ಅವನೊಬ್ಬನಿಗೆ 'ಸದ್ದು ಮಾಡಬೇಡ' ಎನ್ನುವ ಕೆಲಸ ಸಿಕ್ಕಿದೆ. ಒಂದು ಹಳೆಯ ಮೆತ್ತನೆ ಗೊಂಬೆ ಇದ್ದರೆ ತೆಗೆದು, ಅದಕ್ಕೆ ಇತ್ತೀಚೆಗೆ ಯಾಕೋ ತುಂಬಾ ಸಿಟ್ಟು ಬರುತ್ತಿದೆ, ಯಾರಿಗೂ ಗೊತ್ತಾಗುತ್ತಿಲ್ಲ ಎಂದು ಹೇಳಿ ನೋಡಿ. ಅದನ್ನು ಸಮಾಧಾನ ಮಾಡುವುದು ಅವನ ಕೆಲಸವಾಗಲಿ. ಅವನು ಗೊಂಬೆಗೆ ಹೇಳುವ ಮಾತನ್ನು ಕಿವಿಗೊಟ್ಟು ಕೇಳಿ. ಅವನಿಗೆ ನಿಮ್ಮಿಂದ ಕೇಳಬೇಕಾಗಿರುವ ಮಾತು ಸಾಮಾನ್ಯವಾಗಿ ಅದೇ ಆಗಿರುತ್ತದೆ.

ಉಸಿರಾಟ ಕಲಿಸಲು ಸೋಪಿನ ಗುಳ್ಳೆಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಜೋರಾಗಿ ಊದಿದರೆ ಗುಳ್ಳೆ ಒಡೆಯುತ್ತದೆ. ದೊಡ್ಡ ಗುಳ್ಳೆ ಬೇಕಾದರೆ ಉಸಿರನ್ನು ಉದ್ದವಾಗಿ, ನಿಧಾನವಾಗಿ ಬಿಡಲೇಬೇಕು. ಎದೆಬಡಿತ ಇಳಿಸುವುದೂ ಅದೇ ಉದ್ದನೆಯ ನಿಶ್ವಾಸ. ಆದರೆ ಇದನ್ನು ಖುಷಿಯಾಗಿದ್ದಾಗ ಆಡಿ, ಎಷ್ಟೋ ಸಲ ಆಡಿ. ಮೊದಲ ಸಲವೇ ಕಿರುಚುತ್ತಿರುವ ಹುಡುಗನ ಬಾಯಿಗೆ ಗುಳ್ಳೆಕಡ್ಡಿ ಹಿಡಿದರೆ ಅದೂ ಗೋಡೆಗೆ ಹೋಗಿ ಬೀಳುತ್ತದೆ.

ಮೊಬೈಲ್ ಬಗ್ಗೆ ನಿಮಗೇ ಅನುಮಾನ ಇರುವ ಹಾಗಿದೆ. ಇಲ್ಲದಿದ್ದರೆ 'ಮಾತ್ರ' ಎನ್ನುವ ಮಾತು ಬರುತ್ತಿರಲಿಲ್ಲ. ಅದು ಕೆಲಸ ಮಾಡುವುದು ಹೌದು, ತಕ್ಷಣ ಮಾಡುತ್ತದೆ. ತೊಂದರೆ ಇರುವುದೂ ಅಲ್ಲೇ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 3ರಿಂದ 5 ವರ್ಷದ 422 ಮಕ್ಕಳನ್ನು ಗಮನಿಸಿ 2022ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮಾಧಾನ ಮಾಡಲು ಪದೇ ಪದೇ ಸ್ಕ್ರೀನ್ ಕೊಟ್ಟ ಮಕ್ಕಳಲ್ಲಿ ಮುಂದಿನ ತಿಂಗಳುಗಳಲ್ಲಿ ಸಣ್ಣದಕ್ಕೂ ಕೆರಳುವುದು ಹೆಚ್ಚಾಗಿ ಕಂಡಿತು. ಗಂಡುಮಕ್ಕಳಲ್ಲಿ ಮತ್ತು ಮೊದಲೇ ಚುರುಕು ಸ್ವಭಾವದವರಲ್ಲಿ ಇದು ಇನ್ನಷ್ಟು ಎದ್ದು ಕಂಡಿತು. ಮೊಬೈಲೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಸಿಟ್ಟು ತಾನಾಗಿ ಇಳಿಯುವುದನ್ನು ಮಗು ಒಮ್ಮೆಯೂ ಅನುಭವಿಸದಿದ್ದರೆ ಇಳಿಸಲು ಕಲಿಯುವುದಾದರೂ ಹೇಗೆ? ಪೂರ್ತಿ ಬಂದ್ ಮಾಡಿ ಎನ್ನುತ್ತಿಲ್ಲ. ನಾಲ್ಕು ತಿಂಗಳ ಕೂಸಿರುವ ಮನೆಯಲ್ಲಿ ಅಂಥ ಸಲಹೆ ಕೊಡುವುದು ಅನ್ಯಾಯ. ನೋಡುವ ಸಮಯ ಗೊತ್ತು ಮಾಡಿ, ಅದು ಅವನ ಅಳುವಿಗೂ ಕಿರುಚಾಟಕ್ಕೂ ಸಂಬಂಧ ಇಲ್ಲದ ಸಮಯವಾಗಿರಲಿ.

ಚಿತ್ರ ಬರೆಸುವುದರ ಬಗ್ಗೆ ಒಂದು ಮಾತು. 'ನಿನ್ನ ಸಿಟ್ಟಿನ ಚಿತ್ರ ಬರಿ' ಎಂದು ಹೇಳುವ ರೂಢಿ ಇದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ ಎಂಬ ಮನೋವಿಜ್ಞಾನಿಗಳು 2013ರಲ್ಲಿ 6ರಿಂದ 12 ವರ್ಷದ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ತಮಗೆ ನಿರಾಸೆಯಾದ ಘಟನೆಯ ಚಿತ್ರ ಬರೆದ ಮಕ್ಕಳಿಗಿಂತ ಸುಮ್ನೆ ಒಂದು ಮನೆಯ ಚಿತ್ರ ಬರೆದ ಮಕ್ಕಳ ಮನಸ್ಸು ಜಾಸ್ತಿ ಹಗುರವಾಯಿತು. ಆದ್ದರಿಂದ ಬೇಸರವಾದ ತಕ್ಷಣ ಬಣ್ಣ ಕೊಟ್ಟು ಇಷ್ಟ ಬಂದದ್ದನ್ನು ಬರೆಯಲು ಬಿಡಿ. ಬಸ್ ಬರೆದರೆ ಬಸ್, ಡೈನೋಸಾರ್ ಬರೆದರೆ ಡೈನೋಸಾರ್. ಅದು ತಪ್ಪಿಸಿಕೊಳ್ಳುವುದಲ್ಲ, ಮನಸ್ಸಿಗೆ ಕೊಡುವ ಬಿಡುವು. ಜೇಡಿಮಣ್ಣು, ಕ್ಲೇ ಕೂಡ ಹಾಗೆಯೇ, ಏನು ಮಾಡಬೇಕು ಎಂದು ಹೇಳಿಕೊಡದಿದ್ದರೆ.

ಸೋಲಿನ ವಿಷಯಕ್ಕೆ ಬರುತ್ತೇನೆ. ಐದೂವರೆ ವರ್ಷದವನಿಗೆ ಸೋಲು ನಿಜಕ್ಕೂ ದೊಡ್ಡದು. ಹಾವು ಏಣಿಯಂತೆ ಬರೀ ಅದೃಷ್ಟದ, ಬೇಗ ಮುಗಿಯುವ ಆಟಗಳಿಂದ ಶುರು ಮಾಡಿ. ಅಲ್ಲಿ ಸೋತರೆ ತಾನು ದಡ್ಡ ಅನ್ನಿಸುವುದಿಲ್ಲ, ಕೂಡಲೇ ಮತ್ತೆ ಆಡಬಹುದು. ಪ್ರತಿ ಸಲ ಬೇಕೆಂದೇ ಸೋತು ಅವನನ್ನು ಗೆಲ್ಲಿಸಬೇಡಿ, ಮಕ್ಕಳಿಗೆ ಅದು ಗೊತ್ತಾಗುತ್ತದೆ. ನೀವು ಸೋತಾಗ ಬಾಯಿಬಿಟ್ಟು ಹೇಳಿ: 'ಛೇ, ಬೇಜಾರಾಯ್ತು. ಇನ್ನೊಂದು ಆಟ ಆಡೋಣ್ವಾ?' ಸೋತವರು ಏನು ಮಾಡುತ್ತಾರೆ ಎನ್ನುವುದನ್ನು ಅವನು ಯಾರಲ್ಲಾದರೂ ನೋಡಬೇಕಲ್ಲ. ಬ್ಲಾಕ್ಸ್‌ಗೆ ಬೇರೆ ಉಪಾಯ. ಬೀಳಿಸುವುದಕ್ಕೆಂದೇ ಕಟ್ಟುವ ಆಟ ಆಡಿ. ಇಬ್ಬರೂ ಸೇರಿ ಎತ್ತರ ಕಟ್ಟಿ, ಎಣಿಸಿ, ಚೆಂಡು ಉರುಳಿಸಿ ಕೆಡವಿ. ಬೀಳುವುದು ತಮಾಷೆಯೂ ಆಗಬಹುದು ಎಂದು ಕೈಗೆ ಗೊತ್ತಾದರೆ, ತಾನಾಗಿ ಬಿದ್ದಾಗಿನ ಆಘಾತ ಸ್ವಲ್ಪ ಕಡಿಮೆಯಾಗುತ್ತದೆ.

ಮುಖಭಾವದ ಕಾರ್ಡು ಬೇಕಾದರೆ ಕೊಳ್ಳಿ, ನಷ್ಟವಿಲ್ಲ. ಪರೀಕ್ಷೆ ಕೇಳಿದಂತೆ 'ಇದು ಯಾವ ಭಾವನೆ ಹೇಳು' ಎನ್ನುವ ಬದಲು, ರಾತ್ರಿ ಮಲಗುವ ಮುಂಚೆ 'ಇವತ್ತು ಮಧ್ಯಾಹ್ನ ನನಗೆ ಈ ಮುಖ ಇತ್ತು' ಎಂದು ನೀವೇ ಒಂದು ಕಾರ್ಡು ತೋರಿಸಿ. ಅವನ ಸರದಿ ತಾನಾಗಿ ಬರುತ್ತದೆ. ಫಿಜೆಟ್ ಕೈಗೆ ಕೆಲಸ ಕೊಡುತ್ತದೆ, ಅಷ್ಟೇ. ಅದರಿಂದ ಸಿಟ್ಟು ಇಳಿಯುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ.

ಏನೇ ಕೊಂಡರೂ ನಿಮ್ಮ ಚಿಕ್ಕವಳನ್ನು ನೆನೆದು ಕೊಳ್ಳಿ. ಇನ್ನು ಸ್ವಲ್ಪ ದಿನಕ್ಕೆ ಅವಳು ಅಂಬೆಗಾಲಿಡುತ್ತಾಳೆ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ. ನೀರಿನಲ್ಲಿ ಉಬ್ಬುವ ಬಣ್ಣದ ಜೆಲ್ ಮಣಿಗಳನ್ನು ಮನಸ್ಸು ಶಾಂತಗೊಳಿಸುವ ಆಟಿಕೆ ಎಂದು ಮಾರುತ್ತಾರೆ. ನುಂಗಿದರೆ ಅವು ಹೊಟ್ಟೆಯಲ್ಲೂ ಉಬ್ಬಿ ಕರುಳನ್ನು ಕಟ್ಟಿಬಿಡಬಹುದು. ನಿಮ್ಮ ಮನೆಗೆ ಅವು ಬೇಡವೇ ಬೇಡ. ಬಲವಾದ ಪುಟ್ಟ ಮ್ಯಾಗ್ನೆಟ್‌ಗಳು, ಬಟನ್ ಬ್ಯಾಟರಿ ಇರುವ ಬೆಳಕಿನ ಫಿಜೆಟ್‌ಗಳೂ ಬೇಡ. ಬಟನ್ ಬ್ಯಾಟರಿ ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಸುಟ್ಟ ಗಾಯ ಮಾಡಬಲ್ಲದು. ಬಲೂನಿಗೆ ಹಿಟ್ಟು ತುಂಬಿ ಹಿಚುಕುವ ಚೆಂಡು ಮಾಡುವ ವಿಡಿಯೊಗಳನ್ನು ನೀವು ನೋಡಿರಬಹುದು. ಒಡೆದ ಬಲೂನಿನ ಚೂರು ಮಕ್ಕಳ ಉಸಿರು ಕಟ್ಟಿಸುವ ವಸ್ತುಗಳಲ್ಲಿ ಬಹಳ ಅಪಾಯದ್ದು. ಹಿಚುಕಲು ಏನಾದರೂ ಬೇಕಿದ್ದರೆ ಒಂದು ಜೊತೆ ಸುತ್ತಿದ ಕಾಲುಚೀಲ ಸಾಕು.

ತಜ್ಞರನ್ನು ಯಾವಾಗ ಕಾಣಬೇಕು? ಆಟ ಒಂದಿಷ್ಟೂ ಬದಲಾಗದೆ, ಖುಷಿಯೇ ಇಲ್ಲದೆ, ಅದೇ ದೃಶ್ಯ ಅದೇ ರೀತಿ ಪದೇ ಪದೇ ಬರುತ್ತಿದ್ದರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾದಲ್ಲಿ ಶಾಲಾ ಬಸ್ ಸಮೇತ ಅಪಹರಣವಾಗಿದ್ದ 26 ಮಕ್ಕಳಲ್ಲಿ ಹೆಚ್ಚಿನವರನ್ನು ನೋಡಿದ ಮನೋವೈದ್ಯೆ ಲೆನೋರ್ ಟೆರ್, ದೊಡ್ಡ ಆಘಾತದ ನಂತರ ಮಕ್ಕಳ ಆಟ ಹೀಗೆ ಸಿಕ್ಕಿಹಾಕಿಕೊಳ್ಳುವುದನ್ನು ವಿವರಿಸಿದ್ದಾರೆ. ನೀವು ಬರೆದದ್ದರಲ್ಲಿ ನನಗೆ ಅಂಥದ್ದು ಕಾಣುತ್ತಿಲ್ಲ. ಹಾಗೆಯೇ ಅವನು ತನಗೋ ತಂಗಿಗೋ ನಿಜವಾಗಿ ಗಾಯ ಮಾಡುತ್ತಿದ್ದರೆ, 'ನಾನು ಸಾಯಬೇಕು' ಎನ್ನುವಂಥ ಮಾತು ಬಂದರೆ, ಶಾಲೆಯಲ್ಲೂ ಇದೇ ದೂರು ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅಥವಾ ಮೇಲೆ ಹೇಳಿದ್ದನ್ನು ಎರಡು ಮೂರು ತಿಂಗಳು ಬಿಡದೆ ಮಾಡಿದರೂ ಏನೂ ಬದಲಾಗದಿದ್ದರೆ ಮಕ್ಕಳ ವೈದ್ಯರ ಮೂಲಕ ಮಕ್ಕಳ ಮನೋವಿಜ್ಞಾನಿಯನ್ನು ಕಾಣಿ. ಹೋಗುವ ಮೊದಲು ಒಂದು ವಾರ, ಯಾವಾಗ ಕೆರಳಿದ, ಅದಕ್ಕೆ ಮುಂಚೆ ಏನಾಗಿತ್ತು, ಎಷ್ಟು ಹೊತ್ತಿಗೆ ಇಳಿಯಿತು, ಏನು ಆಡಿದ ಎಂದು ಬರೆದಿಡಿ. ಮೊದಲ ಭೇಟಿಯಲ್ಲಿ ಅವರು ಕೇಳುವುದು ಇದನ್ನೇ. ಮಗು ಎದುರಿಗೆ ಕುಳಿತಿರುವಾಗ ಇವನ್ನು ಬಾಯಲ್ಲಿ ಹೇಳುವುದಕ್ಕಿಂತ ಚೀಟಿ ಕೊಡುವುದೇ ಒಳ್ಳೆಯದು.